ಹೆಚ್ಚಿನ ಮಾಹಿತಿಗೆ ಸಂಪರ್ಕಿಸಿ

ಎದುರು ಕಾಲೇಜಿನ ಹುಡುಗಿಗೆ ಪ್ರಚಾರ ಬರಹದ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂತು. ಸಾರ್ವಜನಿಕ ಸಂಪರ್ಕ ಕಲಿಸುವ ಪ್ರೊಫೆಸರ್ ಚನ್ನವೀರಯ್ಯನವರ ಹೊಟ್ಟೆ ಉರಿಯಿತು.

"ಅವಳದು ಕದ್ದ ಬರಹ ಅಂತ ಪ್ರಕಟಣೆ ಬರೆದು ಪತ್ರಿಕೆಗಳಿಗೆ ಕಳಿಸಿ. ಇಲ್ಲದಿದ್ದರೆ ಇಂಟರ್ನಲ್ಸ್ ಅಂಕ ಮರೆತುಬಿಡಿ," ಎಂದು ತರಗತಿಗೆ ಹೇಳಿದರು. ಸುಳ್ಳು ಅವರದು, ಕೈ ಮಾತ್ರ ಮಕ್ಕಳದು. ಮಕ್ಕಳು ಹೆದರಿ ಬರೆದರು.

ವಿಭಾಗದ ಟೈಪಿಸ್ಟ್ ಅದನ್ನು ಟೈಪು ಮಾಡಿ, ಕೊನೆಗೆ "ಹೆಚ್ಚಿನ ಮಾಹಿತಿಗೆ" ಎಂದು ಪ್ರೊಫೆಸರರ ಹೆಸರು, ಮೊಬೈಲ್ ನಂಬರ್ ಸೇರಿಸಿ ಎಲ್ಲರೆದುರು ಓದಿದಳು.

"ನನ್ನ ನಂಬರ್ ಯಾಕಮ್ಮ?"

"ಹೆಸರಿಲ್ಲದ್ದು ಪ್ರಕಟಣೆಯಲ್ಲ, ಮೂಕರ್ಜಿ ಅಂತ ನೀವೇ ಪಾಠ ಮಾಡಿದ್ದೀರಲ್ಲ ಸಾರ್. ಪತ್ರಿಕೆಯವರು ಪುರಾವೆ ಕೇಳಿದರೆ ಮಕ್ಕಳಿಗೇನು ಗೊತ್ತು?"

ಪ್ರೊಫೆಸರ್ ಹಾಳೆ ಹರಿದರು. "ಹಾಗಾದರೆ ಆ ಹುಡುಗಿಗೆ ಅಭಿನಂದನೆ ಅಂತಲೇ ಟೈಪು ಮಾಡು."

"ಅದಕ್ಕೂ ನಿಮ್ಮ ಹೆಸರೇ ಹಾಕಲಾ ಸಾರ್?"

"ಬೇಡ. ಅದಕ್ಕೆ ನಿನ್ನದೇ ಹಾಕಿಕೋ."