ಕುಂಡೆಕುಸ್ಕನ ಬಾಲ ಏನು ಹೇಳುತ್ತೆ?

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳು ಕೂತಲ್ಲಿ ಸರಿಯಾಗಿ ಕೂತಿರಲಿಲ್ಲ, ಗಾಳಿಗೆ ಯಾವ ಕಡೆ ಬೀಸಬೇಕು ಅಂತ ಗೊತ್ತಿರಲಿಲ್ಲ. ಆಗ ಕುಂಡೆಕುಸ್ಕ ಹಕ್ಕಿಯ ಬಾಲ ಅಲ್ಲಾಡುತ್ತಲೇ ಇರಲಿಲ್ಲ. ನಗಬೇಡ ಕೂಸೇ, ಕುಂಡೆ ಕುಣಿಸೋದು ಅನ್ನೋ ಆ ಹೆಸರು ಆಮೇಲೆ ಬಂದದ್ದು, ನಾನಿಟ್ಟದ್ದಲ್ಲ!

ಅದರ ಮನೆ ದೂರದ ಉತ್ತರದ ಕಾಡಿನಲ್ಲಿತ್ತು. ಹಿಮದ ಬೆಟ್ಟ ದಾಟಿ ಇನ್ನೂ ಆಚೆ. ಅಲ್ಲಿ ಮರಗಳಿಗೆ ಸೂಜಿಯಂಥ ಎಲೆ. ತೊರೆಯ ಪಕ್ಕ ಒಂದು ಮುದಿಮರದ ಬೇರಿನ ಸಂದಿಯಲ್ಲಿ ಹಕ್ಕಿ ಗೂಡು ಕಟ್ಟಿತ್ತು. ಆ ಮರವನ್ನು ಅದು ಅಜ್ಜಾ ಅಂತ ಕರೆಯುತ್ತಿತ್ತು.

ಒಂದು ದಿನ ತೊರೆ ಆಕಳಿಸಿತು. "ನಂಗೆ ನಿದ್ದೆ ಬರ್ತಿದೆ ಮಗಾ. ಇನ್ನು ಮಂಜುಗಡ್ಡೆ ಹೊದ್ದು ಮಲಗ್ತೀನಿ. ನಿಂಗೆ ಹುಳ ಸಿಗಲ್ಲ. ಬೆಚ್ಚಗಿರೋ ಕಡೆ ಹೋಗು."

ಹಕ್ಕಿಗೆ ಅವಸರ. "ಅಜ್ಜಾ, ನಾನು ಹೋಗ್ತೀನಿ" ಅಂದದ್ದೇ ಪುರ್ರಂತ ಹಾರಿತು.

ಹಾರಿತು, ಹಾರಿತು. ಕೆಳಗೆ ಹಿಮ ಸರಿಯಿತು, ಮೋಡ ಸರಿಯಿತು, ಹೆಸರೇ ಇಲ್ಲದ ಹೊಳೆಗಳು ಸರಿದವು. ರೆಕ್ಕೆ ಕನಸಿನಲ್ಲಿ ಬಡಿದ ಹಾಗೆ ಬಡಿಯುತ್ತಿತ್ತು. ಕೊನೆಗೆ ನಮ್ಮ ಕಡೆಯ ಒಂದು ಕೆರೆ ದಂಡೆಗೆ ಬಂದಿಳಿಯಿತು.

ಅಲ್ಲಿ ಸಂಕವ್ವ ಅನ್ನೋಳು ಬಟ್ಟೆ ಒಗೆಯುತ್ತಿದ್ದಳು. ಬಾಯಿ ಜೋರು, ಮನಸ್ಸು ಬೆಣ್ಣೆ.

"ಎಲ್ಲಿಂದ ಬಂದೆಯೇ?"

"ಉತ್ತರದ ಕಾಡಿಂದ."

"ಮನೇಲಿ ಹೇಳಿ ಬಂದೆಯೋ, ಇಲ್ಲವೋ?"

"ಹೂಂ. ಹೋಗ್ತೀನಿ ಅಂದೆ."

ಸಂಕವ್ವ ಕೈಲಿದ್ದ ಬಟ್ಟೆ ಕೆಳಗೆ ಬಿಟ್ಟಳು. "ಬಿಡ್ತು ಅನ್ನೇ! ಹೊಸ್ತಿಲು ದಾಟುವಾಗ ಯಾರಾದ್ರೂ ಹೋಗ್ತೀನಿ ಅಂತಾರಾ? ಹೋಗಿ ಬರ್ತೀನಿ ಅನ್ನಬೇಕು. ಬರೀ ಹೋಗ್ತೀನಿ ಅಂದ್ರೆ ಮತ್ತೆ ಬರೋದೇ ಇಲ್ಲ ಅಂತ ತಿಳ್ಕೊಳ್ಳಲ್ವಾ?"

ಅಷ್ಟರಲ್ಲಿ ಗಾಳಿ ಏದುಸಿರು ಬಿಡುತ್ತಾ ಬಂತು. "ಕಾಡು ಕಡೀತಿದ್ದಾರೆ! ಅಲ್ಲಿನ ಜನ ಮರ ಅರೆದು ತೆಳ್ಳನೆ ಕಾಗದ ಮಾಡೋದು ಕಲಿತಿದ್ದಾರೆ. ಒಂದು ಸಲ ಮೂಗು ಒರೆಸೋದು, ಬಿಸಾಡೋದು. ಯಾರದಾದ್ರೂ ಮನೆಯಿರೋ ಮರ ಮುಟ್ಟಬಾರದು ಅಂತ ಅವರ ಕಟ್ಟಳೆ. ಅದಕ್ಕೆ ಒಂದೊಂದು ಮರಾನೂ ಕೇಳ್ತಾರೆ, ನಿನ್ನಲ್ಲಿ ಯಾರಿದ್ದಾರೆ ಅಂತ. ಹಕ್ಕಿಗಳೆಲ್ಲ ಹೋಗ್ತೀವಿ ಅಂದು ಹೋಗಿವೆ. ಮರಕ್ಕೆ ಸುಳ್ಳು ಹೇಳೋಕೆ ಬರುತ್ತಾ? ಯಾರೂ ಇಲ್ಲ ಅಂತಿವೆ."

"ನಮ್ಮಜ್ಜ?"

"ಇನ್ನೇನು ಅವನ ಸರದಿ."

ಅಯ್ಯೋ, ಆ ಪುಟ್ಟ ಎದೆ ಹೇಗೆ ಹೊಡಕೊಂಡಿತೋ! ನೆನೆಸಿಕೊಂಡರೆ ನನಗೇ ಸಂಕಟವಾಗುತ್ತೆ.

ಸಂಕವ್ವ ತನ್ನ ಹಳೇ ಸೀರೆಯಿಂದ ಒಂದು ತುಂಡು ಹರಿದಳು. "ಇದನ್ನ ಆ ಮೂಗು ಒರೆಸೋರಿಗೆ ಕೊಡು. ಒಗೆದರೆ ಮತ್ತೆ ಕೈಗೆ ಬರುತ್ತೆ. ಏ ಗಾಳಿ, ನಿಂತು ನೋಡ್ತೀಯಲ್ಲ, ಹಿಂದಿಂದ ನೂಕು!"

"ಹೋಗಿ ಬರ್ತೀನಿ ಸಂಕವ್ವಾ" ಅಂದು ಹಕ್ಕಿ ಬಟ್ಟೆ ಕಚ್ಚಿಕೊಂಡು ಹಾರಿತು.

ಉತ್ತರಕ್ಕೆ ಬಂದು ನೋಡಿದರೆ ಮರಗಳಿದ್ದ ಕಡೆಯೆಲ್ಲ ಬರೀ ಮೋಟುಗಳು, ಅವುಗಳ ಮೇಲೆ ಹಿಮ. ಅಜ್ಜಮರದ ಮುಂದೆ ಒಬ್ಬ ಕೊಡಲಿ ಎತ್ತಿ ನಿಂತಿದ್ದ. ಹಕ್ಕಿ ಅವನ ಕಾಲ ಬಳಿ ಇಳಿಯಿತು. ಕೂಗೋಣ ಅಂದರೆ ಕೊಕ್ಕಿನಲ್ಲಿ ಬಟ್ಟೆ! ಬಾಯಿ ತೆರೆದರೆ ಬಿರುಗಾಳಿ ಅದನ್ನು ಹಾರಿಸಿಕೊಂಡು ಹೋಗುತ್ತೆ. ಏನು ಮಾಡಬೇಕು ತೋಚದೆ ಬಾಲವನ್ನೇ ಮೇಲೆ ಕೆಳಗೆ, ಮೇಲೆ ಕೆಳಗೆ ಬಡಿಯಿತು. ಬಂದೆ, ಬಂದೆ, ಬಂದೆ.

"ಯಾರೂ ಇಲ್ಲ ಅಂದೆಯಲ್ಲ ಮುದುಕಪ್ಪಾ?" ಅಂದ ಕೊಡಲಿಯವನು.

"ಇದ್ದಾಳೆ ಕಣಪ್ಪಾ, ನನ್ನ ಮೊಮ್ಮಗಳು ಬಂದಿದ್ದಾಳೆ" ಅಂತ ಅಜ್ಜಮರ ಅತ್ತೇಬಿಟ್ಟಿತು.

ಅವನು ಕೊಡಲಿ ಇಳಿಸಿದ. ಬಟ್ಟೆ ತಗೊಂಡು ಮೂಗು ಒರೆಸಿದ. ಮಂಜುಗಡ್ಡೆ ಒಡೆದು ತೊರೆಯಲ್ಲಿ ಒಗೆದು, ಒಣಗಿಸಿ, ಮತ್ತೆ ಒರೆಸಿದ. "ಅರೆ, ಮತ್ತೆ ಬಂತಲ್ಲ!" ಅಂತ ನಕ್ಕು ಮನೆಗೆ ನಡೆದ.

ಕಡಿದ ಮರಗಳು ಮಾತ್ರ ಬರಲಿಲ್ಲ. ಹೋಗಿ ಬರ್ತೀವಿ ಅನ್ನೋಕೆ ಅವಕ್ಕೆ ಯಾರೂ ಪುರಸೊತ್ತೇ ಕೊಟ್ಟಿರಲಿಲ್ಲ.

ಮನೆಯಿರೋ ಮರ ಮುಟ್ಟಬಾರದು ಅನ್ನೋ ಆ ಕಟ್ಟಳೆಯನ್ನ ಜನ ಈಗ ಆಗಾಗ ಮರೀತಾರೆ. ಅದಕ್ಕೇ ಕೂಸೇ, ಚಳಿಗಾಲಕ್ಕೆ ನಮ್ಮ ಕೆರೆ ದಂಡೆಗೆ ಬರೋ ಕುಂಡೆಕುಸ್ಕ ಇವತ್ತಿಗೂ ಒಂದು ಗಳಿಗೆ ಬಾಲ ನಿಲ್ಲಿಸಲ್ಲ. ಬರ್ತೀನಿ, ಬರ್ತೀನಿ, ಮನೆ ಖಾಲಿಯಿಲ್ಲ, ಕಡೀಬೇಡಿ ಅಂತ ಇಲ್ಲಿಂದಲೇ ಹೇಳ್ತಾನೇ ಇರುತ್ತೆ.