ಹಿಂದುಹಿಂದಾಗಿ ನೂಕುಬಂಡೆ ಹತ್ತಿದ ಬೈಕು

ಗುಡ್ಡದ ಮೇಲೆ ಗಾಳಿ ಫ್ಯಾನುಗಳು ಸಾಲಾಗಿ ತಿರುಗೋ ಸೀಮೆಯಲ್ಲಿ ಬಂಡೆಹಟ್ಟಿ ಅಂತ ಒಂದು ಊರು. ಆ ಊರಲ್ಲಿ ತಿಪ್ಪಮ್ಮ ಅಂತ ಒಬ್ಬ ತಾಯಿ. ತಿಪ್ಪಮ್ಮನಿಗೆ ಇಬ್ಬರು ಮಕ್ಕಳು. ಮಗಳು ಅಂಬುಜಾಕ್ಷಿ, ಕಲ್ಲುಗುಡ್ಡಕ್ಕೆ ಬೈಕು ಹತ್ತಿಸೋಳು. ಮಗ ಪಾಲಾಕ್ಷ, ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು. ಮಗಳನ್ನು ಗುಡ್ಡಕ್ಕೆ ಕಳಿಸೋಕೆ ತಾಯಿಗೆ ಭಯ ಇರಲಿಲ್ಲ. ಮಗನನ್ನು ಅಂಗಡಿಗೆ ಕಳಿಸೋಕೆ ಇತ್ತು.

ಸುಗ್ಗಿ ಮುಗಿಯೋ ಹೊತ್ತಿಗೆ ಊರ ಹಿಂದಿನ ಗುಡ್ಡದಲ್ಲಿ ಬೈಕು ಹತ್ತಿಸೋ ಪಂದ್ಯ. ಗುಡ್ಡದ ತುದಿಗೆ ಒಂದು ಬೋಳು ಬಂಡೆ, ಹೆಸರೇ ನೂಕುಬಂಡೆ. ಅಲ್ಲಿ ಸವಾರರ ಮನೆಯವರೊಬ್ಬರು ಬೈಕು ನೂಕಬಹುದು, ಹೊರಗಿನವರು ಮುಟ್ಟೋ ಹಂಗಿಲ್ಲ. ಸವಾರ ಕೆಳಗಿಳೀಬಾರದು, ಎಂಜಿನ್ ಆರಬಾರದು, ಎರಡೂ ಗಾಲಿ ಬಂಡೆ ನೆತ್ತಿಯಲ್ಲಿ ಎಳೆದ ಸುಣ್ಣದ ಗೆರೆ ದಾಟಬೇಕು. ಗುಡ್ಡವೇನೋ ಬಂಡೆಹಟ್ಟಿಯದೇ. ಬಂಡೆಹಟ್ಟಿಯ ಒಂದು ಬೈಕೂ ಮಾತ್ರ ಆ ಗೆರೆ ದಾಟಿರಲಿಲ್ಲ.

ಹೋದ ವರ್ಷ ಅಂಬುಜಾಕ್ಷಿಯ ಬೈಕು ನೂಕುಬಂಡೆಯ ಬುಡದವರೆಗೂ ಹೋಗಿ, ಅಲ್ಲಿ ಕಾದು ಕುದಿದು ನಿಂತುಬಿಟ್ಟಿತು. ಪಕ್ಕದ ಮನೆ ಕೊಟ್ರೇಶಿ ಅದನ್ನು ತನ್ನ ಟ್ರ್ಯಾಕ್ಟರಿನ ಟ್ರಾಲಿಗೆ ಹಾಕಿಕೊಂಡು, ಬೇಕಂತಲೇ ನಿಧಾನಕ್ಕೆ, ಊರಿನ ಎಲ್ಲಾ ಬೀದಿ ಸುತ್ತಿಸಿ ತಂದ. ಅವತ್ತೇ ತಿಪ್ಪಮ್ಮ ಹೇಳಿಬಿಟ್ಟಳು. ಇನ್ನೊಂದು ಸಲ ಈ ಬೈಕು ಟ್ರಾಲಿ ಮೇಲೆ ಬಂದರೆ ನಮ್ಮ ಅಂಗಳಕ್ಕೆ ಇಳಿಯೋದು ಬೇಡ, ಹಂಗೇ ಸಂತೆಗೆ ಹೋಗಲಿ. ತಿಪ್ಪಮ್ಮ ಆಡಿದ ಮಾತು ವಾಪಸ್ ತಗೊಂಡಿದ್ದನ್ನು ಊರು ನೋಡಿರಲಿಲ್ಲ.

ಅದಕ್ಕೇ ಈ ವರ್ಷ ಅಂಬುಜಾಕ್ಷಿ ದಿನಾ ಗುಡ್ಡ ಹತ್ತಿ ಇಳಿದು ಪಳಗತೊಡಗಿದಳು. ನೂಕೋಕೆ ಮನೆಯಲ್ಲಿ ಇನ್ಯಾರಿದ್ದಾರೆ? ತಾಯಿಗೆ ಮಂಡಿ ನೋವು. ಉಳಿದವನು ಪಾಲಾಕ್ಷ.

ಮೊದಲ ದಿನ ಬೈಕು ಹಬೆ ಬಿಡ್ತಾ ಇಳಿದು ಬಂತು. ಅಕ್ಕ ಮುಖ ತೊಳೆಯೋಕೆ ಹೋಗ್ತಾ, ನೆರಳಲ್ಲಿ ನಿಲ್ಲಿಸೋ, ಆರಲಿ ಅಂದಳು. ಆಯ್ತಕ್ಕ ಅಂದ ಪಾಲಾಕ್ಷ. ಸುತ್ತ ನೋಡಿದ. ಬಸ್ ಸ್ಟಾಪಿನಲ್ಲಿ ಬಸ್ಸು ನಿಂತಿತ್ತು, ಅದರ ಪಕ್ಕ ಒಳ್ಳೇ ದಪ್ಪ ನೆರಳು. ಅಲ್ಲಿ ನಿಲ್ಲಿಸಿದ. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು, ನೆರಳೂ ಹೊರಟಿತು. ನೆರಳು ಹೊರಟ ಮೇಲೆ ಪಾಲಾಕ್ಷ ನಿಲ್ತಾನಾ? ಬೈಕು ನೂಕಿಕೊಂಡು ಓಡಿದ. ಬಸ್ಸು ನಿಂತಲ್ಲಿ ನಿಂತ, ಓಡಿದಲ್ಲಿ ಓಡಿದ. ಮುಂದಿನ ಊರಿನ ಗೇಟಿನಲ್ಲಿ ಅಕ್ಕ ಅವನನ್ನು ಹಿಡಿದಾಗ ಬೈಕು ತಣ್ಣಗಿತ್ತು, ಪಾಲಾಕ್ಷ ಹಬೆ ಬಿಡ್ತಿದ್ದ.

"ಏನಲೇ, ನೆರಳು ಓಡಿದ್ರೆ ನೀನೂ ಓಡೋದಾ?" ಅಂತ ತಾಯಿ ತಲೆಗೊಂದು ಮೊಟಕಿದಳು. ನೆರಳಿನ ಸಹವಾಸವೇ ಬೇಡ ಅಂತ ಅಕ್ಕ ಬೇರೆ ಬುದ್ಧಿ ಹೇಳಿದಳು. ಎಂಜಿನ್ ಮುಂದೆ ಜಾಲರಿ ಥರ ಇದೆಯಲ್ಲ, ಅದು ರೇಡಿಯೇಟರ್, ಅದರೊಳಗೆ ಹಸಿರು ಔಷಧಿ ಬೆರೆಸಿದ ನೀರು ಓಡಾಡುತ್ತೆ, ಗಾಳಿ ತಾಗಿದರೆ ಆರುತ್ತೆ. ಗಾಳಿ ಎಲ್ಲಿಂದ ಬರುತ್ತೋ ಆ ಕಡೆ ಬೈಕಿನ ಮುಖ ಮಾಡು. ಗೊತ್ತಾಗದಿದ್ರೆ ಗುಡ್ಡದ ಮೇಲಿನ ಫ್ಯಾನು ನೋಡು, ಅದು ಯಾವಾಗಲೂ ಗಾಳಿಗೆ ಎದುರಾಗೇ ನಿಂತಿರುತ್ತೆ.

ಆಯ್ತಕ್ಕ ಅಂದ ಪಾಲಾಕ್ಷ. ಅವನು ಆಯ್ತು ಅಂದರೆ ಮನೆಯವರ ಎದೆ ಹೊಡೆದುಕೊಳ್ಳೋದು.

ಮರುದಿನ ಬೈಕು ಕಾದಾಗ ಫ್ಯಾನು ನೋಡಿದ. ಗಾಳಿ ಪಡುವಲಿಂದ. ಊರಲ್ಲಿ ಪಡುವಲ ಗಾಳಿ ಎಲ್ಲಿ ಚೆನ್ನಾಗಿ ಬರುತ್ತೆ? ರಾಗಿ ತೂರೋ ಕಣದಲ್ಲಿ. ಗಾಳಿ ಇಲ್ಲದ ಕಡೆ ಯಾರಾದರೂ ರಾಗಿ ತೂರ್ತಾರಾ? ತೂರೋರ ಮುಂದೆಯೇ, ಗಾಳಿಗೆ ಸರಿಯಾಗಿ ಎದುರಾಗಿ, ಬೈಕು ನಿಲ್ಲಿಸಿದ. ಮೊರದಿಂದ ರಾಗಿ ನೆಲಕ್ಕೆ ಬಿತ್ತು, ಹೊಟ್ಟೆಲ್ಲ ಹಾರಿ ರೇಡಿಯೇಟರಿಗೆ ಬಿತ್ತು. ಕಣದ ಹೆಂಗಸರು ಎಷ್ಟು ಬೈದರೂ ಅವನು ಕದಲಲಿಲ್ಲ. ಸಂಜೆ ಹೊತ್ತಿಗೆ ಜಾಲರಿಯ ಒಂದು ಸಂದೂ ಕಾಣಿಸ್ತಿರಲಿಲ್ಲ. ಅಕ್ಕ ಸ್ಟಾರ್ಟ್ ಮಾಡಿ ಊರಾಚೆ ಹೋಗೋದರೊಳಗೆ ಬೈಕು ಮತ್ತೆ ಕುದಿಯಿತು.

ಅಕ್ಕ ಹಳೇ ಹಲ್ಲುಜ್ಜೋ ಬ್ರಶ್ ಹಿಡಿದು ಹೊಟ್ಟು ತೆಗೀತಾ ಕೂತಳು. ತಾಯಿ ಮಗನನ್ನು ಬೈದಳು, ತೂರೋರ ಮುಂದೆ ಎಮ್ಮೆನೂ ನಿಲ್ಲಲ್ಲ ಕಣೋ ಅಂತ. ಬೈದು ಸುಸ್ತಾದ ಮೇಲೆ ಅಕ್ಕ ಹೇಳಿದಳು. ಇಷ್ಟು ಕುದಿದಿದೆ, ಒಳಗಿನ ನೀರು ಇಳಿದಿರುತ್ತೆ, ನಾಳೆ ನೋಡಬೇಕು. ಕಾದಿರೋವಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಮುಖ ಸುಟ್ಟು ಹೋಗುತ್ತೆ. ಕೈಯಿಟ್ಟು ನೋಡು, ಮುಚ್ಚಳ ತಣ್ಣಗಿದ್ದರೆ ಮಾತ್ರ ತೆಗಿ.

ಆಯ್ತಕ್ಕ ಅಂದ ಪಾಲಾಕ್ಷ.

ಮರುದಿನ ಅಕ್ಕ ಗುಡ್ಡ ಇಳಿದು ಬಂದು ಬೈಕು ನಿಲ್ಲಿಸಿದಳು. ಪಾಲಾಕ್ಷ ಮುಚ್ಚಳ ಮುಟ್ಟಿದ. ಸುಡ್ತಿತ್ತು. ತಣ್ಣಗಿದ್ದರೆ ತಾನೇ ತೆಗೆಯೋದು? ಸೋಡಾ ಅಂಗಡಿಯಿಂದ ಐಸಿನ ಗಡ್ಡೆ ತಂದು ಮುಚ್ಚಳದ ಮೇಲಿಟ್ಟ. ಮುಟ್ಟಿ ನೋಡಿದ, ತಣ್ಣಗೆ ಕೊರೀತಿತ್ತು. ತಿರುಗಿಸಿದ. ಹಸಿರು ನೀರು ಬುಸ್ಸಂತ ತೆಂಗಿನ ಮರದೆತ್ತರ ಹಾರಿತು. ಪುಣ್ಯಕ್ಕೆ, ಕೈಯಿಂದ ಐಸು ಜಾರಿತು ಅಂತ ಅವನು ಅದೇ ಹೊತ್ತಿಗೆ ಬಗ್ಗಿದ್ದ, ಬದುಕಿಕೊಂಡ. ನೀರು ಹೋಗಿ ಬಿದ್ದಿದ್ದು ತಾಯಿ ಮಾಳಿಗೆ ಮೇಲೆ ಒಣಗಲು ಹಾಕಿದ್ದ ಅರಳು ಸಂಡಿಗೆ ಮೇಲೆ. ಆ ವರ್ಷ ತಿಪ್ಪಮ್ಮನ ಮನೆ ಸಂಡಿಗೆ ಗಿಣಿ ಬಣ್ಣಕ್ಕಿತ್ತು. ತಿನ್ನೋಕೆ ಯಾರೂ ಧೈರ್ಯ ಮಾಡಲಿಲ್ಲ.

ತಾಯಿಗೆ ಆ ಕ್ಷಣಕ್ಕೆ ಬಯ್ಯೋಕೂ ಆಗಲಿಲ್ಲ. ಮೊದಲು ಮಗನ ಮುಖ ಸವರಿ ನೋಡಿದಳು, ಆಮೇಲೆ ಅತ್ತಳು, ಆಮೇಲೆ ಬೈದಳು. "ಇನ್ನು ಮೇಲೆ ಮುಚ್ಚಳ ಬಿಗಿಯಾಗೇ ಇರಬೇಕು. ಯಾರು ಹೇಳಿದ್ರೂ ತೆಗೀಬೇಡ."

ಆಯ್ತವ್ವ ಅಂದ ಪಾಲಾಕ್ಷ.

ಪಂದ್ಯದ ದಿನ ಬಂತು. ಅಕ್ಕ ಹೊಸ ನೀರು ತುಂಬಿ ಮುಚ್ಚಳ ಬಿಗಿದಳು. ತಾಯಿ ರೊಟ್ಟಿ, ಶೇಂಗಾ ಚಟ್ನಿ ಡಬ್ಬಿಗೆ ಹಾಕಿಕೊಟ್ಟು, ತಾನೂ ಜೊತೆಗೆ ಬಂದಳು. ಗುಡ್ಡದ ಬುಡದಲ್ಲಿ ಎಲ್ಲರೂ ಉಂಡರು. ಪಾಲಾಕ್ಷ ಮಾತ್ರ ಡಬ್ಬಿ ತೊಡೆ ಮೇಲಿಟ್ಟುಕೊಂಡು, ಮುಚ್ಚಳ ಒತ್ತಿ ಹಿಡಿದು, ಜೊಲ್ಲು ನುಂಗ್ತಾ ಕೂತಿದ್ದ. ಯಾರು ಹೇಳಿದರೂ ತೆಗೆಯಲಿಲ್ಲ. ತಾಯಿ ಹಣೆ ಚಚ್ಚಿಕೊಂಡು, ಡಬ್ಬಿ ಕಿತ್ತುಕೊಂಡು, ತಾನೇ ರೊಟ್ಟಿ ಮುರಿದು ತಿನ್ನಿಸಿದಳು. ತಿನ್ನಿಸ್ತಾ ಕೊನೇ ಬುದ್ಧಿ ಹೇಳಿದಳು. "ರೇಡಿಯೇಟರ್ ಮುಚ್ಚಳ ಒಂದು ಬಿಟ್ಟು ಇನ್ನೆಲ್ಲಾ ಮರೆತುಬಿಡಪ್ಪ. ಬಂಡೆ ಹತ್ರ ಬೈಕು ಹಿಡಿದ್ಯಾ, ಮನೆ ಸೇರೋವರೆಗೂ ಕೈ ಬಿಡಬೇಡ. ಅಷ್ಟು ಸಾಕು."

ಆಯ್ತವ್ವ ಅಂದ. ಆದರೆ ಪಾಲಾಕ್ಷನಿಗೆ ಮರೆಯೋದು ಬರ್ತಿರಲಿಲ್ಲ.

ಅವತ್ತು ಗಾಳಿ ಗುಡ್ಡದ ಬುಡದಿಂದ ತುದಿಗೆ ಬೀಸ್ತಿತ್ತು. ಹತ್ತೋರ ಬೆನ್ನಿಗೆ ಗಾಳಿ, ರೇಡಿಯೇಟರಿಗೆ ಇಲ್ಲ. ಒಂದೊಂದೇ ಬೈಕು ನೂಕುಬಂಡೆಗೆ ಬಂದು, ಕುದಿದು, ಎಂಜಿನ್ ಆರಿ ನಿಂತಿತು. ಕೆಳಗೆ ಕೊಟ್ರೇಶಿ ಟ್ರಾಲಿಯ ಹಿಂಬಾಗಿಲು ಬಿಚ್ಚಿಟ್ಟುಕೊಂಡು, ಹಗ್ಗ ಹಿಡಿದು, ನಗ್ತಾ ಕೂತಿದ್ದ.

ಅಂಬುಜಾಕ್ಷಿ ಬಂಡೆ ಬುಡಕ್ಕೆ ಬಂದಳು. ಹಬೆ ಏಳ್ತಿತ್ತು, ಎಂಜಿನ್ ಸದ್ದು ಕುಗ್ಗತೊಡಗಿತ್ತು. ಪಾಲಾಕ್ಷ ಬೈಕು ಹಿಡಿದ. ಹಿಡಿದು, ಕತ್ತೆತ್ತಿ ಫ್ಯಾನು ನೋಡಿದ. ಫ್ಯಾನು ಬುಡದ ಕಡೆಗೆ ಮುಖ ಮಾಡಿತ್ತು. ಅಕ್ಕ ಮೇಲೆ ಕೂತಿದ್ದ ಹಾಗೇ ಬೈಕು ಎತ್ತಿ, ಮುಖ ಬುಡದ ಕಡೆ ತಿರುಗಿಸಿಬಿಟ್ಟ.

"ಲೇ, ಗುಡ್ಡ ಆ ಕಡೆ ಕಣೋ!"

"ಗಾಳಿ ಈ ಕಡೆ ಅಕ್ಕ."

ಜನ ಬಿದ್ದು ಬಿದ್ದು ನಕ್ಕರು. ಬೈಕು ವಾಪಸ್ ಬರುತ್ತೆ ಅಂತ ಕೊಟ್ರೇಶಿ ಟ್ರ್ಯಾಕ್ಟರ್ ಸ್ಟಾರ್ಟೇ ಮಾಡಿದ. ಅಷ್ಟರಲ್ಲಿ ಗಾಳಿ ಜಾಲರಿಗೆ ನೇರ ಹೊಡೀತು. ಹಬೆ ತೆಳುವಾಯಿತು. ಎಂಜಿನ್ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಹದಕ್ಕೆ ಬಂತು. ಅಂಬುಜಾಕ್ಷಿಗೆ ಅರ್ಥವಾಯಿತು. ಬಾಯಿ ಮುಚ್ಚಿಕೊಂಡು ನ್ಯೂಟ್ರಲ್ಲಿಗೆ ಹಾಕಿ, ಎಂಜಿನ್ ಆರದ ಹಾಗೆ ಎಕ್ಸಲರೇಟರ್ ಹಿಡಿದು ಕೂತಳು. ಪಾಲಾಕ್ಷ ಹ್ಯಾಂಡಲ್ಲಿಗೆ ಎದೆ ಕೊಟ್ಟು ಬೈಕನ್ನು ಹಿಂದುಹಿಂದಕ್ಕೆ ಗುಡ್ಡ ಹತ್ತಿಸತೊಡಗಿದ. ಬಸ್ಸಿನ ಹಿಂದೆ ಓಡಿದ ಕಾಲಲ್ಲವೇ. ಯಾರೋ ಮುಚ್ಚಳ ತೆಗಿಯೋ, ಹಬೆ ಹೋಗಲಿ ಅಂತ ಕೂಗಿದರು. ಅವ್ವ ಬೇಡ ಅಂದಿದಾಳೆ ಅಂದ, ನೂಕಿದ. ಹಿಂದಿನ ಗಾಲಿ ಮೊದಲು ಗೆರೆ ದಾಟಿತು, ಮುಂದಿನದು ಆಮೇಲೆ.

ತೀರ್ಪು ಕೊಡಬೇಕಾಗಿದ್ದ ಸಿದ್ಧಲಿಂಗಪ್ಪ ಮೇಷ್ಟ್ರು ತಲೆ ಕೆರೆದುಕೊಂಡರು. ಸವಾರಳು ಇಳಿದಿಲ್ಲ. ಎಂಜಿನ್ ಆರಿಲ್ಲ. ನೂಕಿದೋನು ಮನೆಯವನೇ. ಗಾಲಿ ಎರಡೂ ದಾಟಿವೆ. ಮುಖ ಯಾವ ಕಡೆ ಇರಬೇಕು ಅಂತ ನಿಯಮವೇ ಇರಲಿಲ್ಲ. ಇಂಥವನೊಬ್ಬ ಹುಟ್ಟುತ್ತಾನೆ ಅಂತ ನಿಯಮ ಮಾಡಿದವರಿಗೆ ಹೇಗೆ ಗೊತ್ತಾಗಬೇಕು? ಮೇಷ್ಟ್ರು ಬಾವುಟ ಎತ್ತಿದರು.

ಕೆಳಗೆ ತಿಪ್ಪಮ್ಮ ಸೆರಗು ಸರಿಮಾಡಿಕೊಂಡಳು. "ಟ್ರಾಲಿ ಬಾಗಿಲು ಹಾಕ್ಕೊಳಪ್ಪ ಕೊಟ್ರೇಶಿ, ಧೂಳು ತುಂಬ್ತದೆ. ನೂಕಿದೋನು ನನ್ನ ಮಗ" ಅಂದಳು. ಅಂದು, ಮಂಡಿ ನೋವು ಮರೆತು, ಆರತಿ ಸಿದ್ಧ ಮಾಡೋಕೆ ಮನೆ ಕಡೆ ದಾಪುಗಾಲು ಹಾಕಿದಳು.

ಪಾಲಾಕ್ಷ ಗೆರೆ ದಾಟಿದ ಮೇಲೂ ನಿಲ್ಲಲಿಲ್ಲ. ಮನೆ ಸೇರೋವರೆಗೂ ಕೈ ಬಿಡೋ ಹಂಗಿಲ್ಲವಲ್ಲ. ಅಕ್ಕನ ಸಮೇತ ಬೈಕು ನೂಕಿಕೊಂಡು ಬಂಡಿ ದಾರಿಯಲ್ಲಿ ಇಳಿದ. ಮೇಷ್ಟ್ರು ಗೆದ್ದವರಿಗೆ ಕೊಡೋ ಕಪ್ಪು ಹಿಡಿದುಕೊಂಡು ಹಿಂದೆ ಓಡಿದರು, ಊರೂ ಓಡಿತು. ದಾರಿ ತಿರುಗಿದಲ್ಲೆಲ್ಲ ಅವನು ಫ್ಯಾನು ನೋಡಿ ಬೈಕು ತಿರುಗಿಸಿದ. ಒಂದಷ್ಟು ದೂರ ಬೈಕು ಮುಂದುಮುಂದಾಗಿ ಬಂತು, ಒಂದಷ್ಟು ದೂರ ಹಿಂದುಹಿಂದಾಗಿ ಬಂತು. ಟ್ರಾಲಿ ಮೇಲಂತೂ ಬರಲಿಲ್ಲ.

ತಿಪ್ಪಮ್ಮ ಆರತಿ ತಟ್ಟೆ ಹಿಡಿದು ಅಂಗಳದಲ್ಲೇ ನಿಂತಿದ್ದಳು. ಆದರೆ ಅಂಗಳ ಅಂದರೆ ಮನೆಯಾ? ಅಕ್ಕ ಹೊಸಿಲ ಹತ್ರ ಹಾರಿ ಇಳಿದುಕೊಂಡಳು. ಪಾಲಾಕ್ಷ ಬೈಕು ನೂಕಿಕೊಂಡು ತಾಯಿಯನ್ನೂ, ತಟ್ಟೆಯನ್ನೂ, ಹೊಸಿಲನ್ನೂ ದಾಟಿ ಪಡಸಾಲೆಗೆ ಹೋದ. ಒಳಗಿಂದ ಗುಡ್ಡ ಕಾಣಿಸಲಿಲ್ಲ. ಗಾಳಿ ಎಲ್ಲಿಂದ ಅಂತ ಮುಖವೊಡ್ಡಿ ನೋಡಿದ. ಸೂರಿನ ಕೆಳಗೆ ನೇತುಹಾಕಿದ್ದ ಫ್ಯಾನು ಗರಗರ ಸುತ್ತಿ ನೆತ್ತಿ ಮೇಲೆ ಗಾಳಿ ಸುರೀತಿತ್ತು.

ತಾಯಿ ಒಳಗೆ ಬರೋ ಹೊತ್ತಿಗೆ ಬೈಕು ಹಿಂದಿನ ಗಾಲಿ ಮೇಲೆ ನೆಟ್ಟಗೆ ಎದ್ದು, ಗೋಡೆಗೆ ಬೆನ್ನು ಕೊಟ್ಟು, ಸೂರಿನ ಕಡೆ ಮುಖ ಮಾಡಿ ನಿಂತಿತ್ತು. ಪಾಲಾಕ್ಷ ಅದನ್ನು ತಬ್ಬಿ ಹಿಡಿದಿದ್ದ. ರೇಡಿಯೇಟರ್ ಮುಚ್ಚಳ ಬಿಗಿಯಾಗಿತ್ತು, ಒಂದು ಹನಿ ನೀರೂ ಸೋರಿರಲಿಲ್ಲ.

ಬೈಗುಳ ತಿಪ್ಪಮ್ಮನ ನಾಲಿಗೆ ತುದಿವರೆಗೂ ಬಂತು. ಬಾಗಿಲ ತುಂಬ ಊರು ನಿಂತಿತ್ತು, ಊರಿನ ಮುಂದೆ ಕೊಟ್ರೇಶಿ ನಿಂತಿದ್ದ. ತಿಪ್ಪಮ್ಮ ಬೈಗುಳ ನುಂಗಿಕೊಂಡು, ಮೊದಲು ಮಗನಿಗೆ ಆರತಿ ಎತ್ತಿದಳು. ಆಮೇಲೆ ಬೈಕಿನ ಕಡೆ ತಿರುಗಿ, ತುದಿಗಾಲಲ್ಲಿ ನಿಂತು ತಟ್ಟೆ ಚಾಚಿ, ಎಲ್ಲರಿಗೂ ಕೇಳೋ ಹಾಗೆ ಹೇಳಿದಳು.

"ಅಂಬುಜಾ, ಒಂದು ಸ್ಟೂಲ್ ತಗೊಂಬಾರವ್ವ, ಇದರ ಮುಖ ಎಟುಕ್ತಿಲ್ಲ."