ಬೇಲಿಯಾಚೆಯ ಸೊಪ್ಪು

ಶಿಷ್ಯೆ ಕೇಳಿದಳು: "ಗುರುಗಳೇ, ಮೂರು ವರ್ಷದಿಂದ ಧ್ಯಾನಕ್ಕೆ ಕೂರುತ್ತಿದ್ದೇನೆ. ಮನಸ್ಸು ನಿಲ್ಲುವುದಿಲ್ಲ. ಕಣ್ಣು ಮುಚ್ಚಿದರೆ ಸಾಕು, ನನ್ನವ್ವ ಕಂಡವರ ಮನೆಯಲ್ಲಿ ರಾಗಿ ಬೀಸುತ್ತ ಹಾಡುತ್ತಿದ್ದ ಪದಗಳು ಕಿವಿಗೆ ಬರುತ್ತವೆ. ಅಟ್ಟಿದಷ್ಟೂ ಬರುತ್ತವೆ. ನನ್ನಂಥವಳಿಗೆ ಇದು ದಕ್ಕುವುದಿಲ್ಲವೇನೋ. ಊರಿಗೆ ಹೊರಟುಬಿಡಲೇ?"

ಗುರುಗಳು ಒಂದು ಕತೆ ಹೇಳಿದರು.

ಕಾಯಿಪಲ್ಲೆ ಬೆಳೆಯುವ ಒಬ್ಬ ಹೆಂಗಸಿದ್ದಳು. ಚಿಕ್ಕಂದಿನಲ್ಲಿ ಅವಳು ಕಂಡವರ ಬದುವಿನ ಸೊಪ್ಪು ಆಯ್ದು ಹೊಟ್ಟೆ ಹೊರೆದವಳು. ದೊಡ್ಡವಳಾದ ಮೇಲೆ ಕೂಲಿ ಮಾಡಿ ಒಂದು ತುಂಡು ಕಲ್ಲುಭೂಮಿ ಕೊಂಡಳು. ಕಲ್ಲನ್ನೆಲ್ಲ ತಾನೇ ಹೊತ್ತುಹಾಕಿ ಬದನೆ, ಬೆಂಡೆ, ಹೀರೆ ಹಾಕಿದಳು. ಆ ಹಳೆಯ ಸೊಪ್ಪು ಮಾತ್ರ ತನ್ನ ಪಾತಿಯಲ್ಲಿ ಒಂದೆಲೆಯೂ ಇರಕೂಡದೆಂದು ಹಠ ಹಿಡಿದಳು. ಕಂಡಲ್ಲಿ ಕಿತ್ತು ಬೇಲಿಯಾಚೆ ಎಸೆಯುತ್ತಿದ್ದಳು.

ವರ್ಷಕ್ಕೊಮ್ಮೆ, ಬೇಸಿಗೆಯ ಕೊನೆಗೆ, ತನ್ನ ಬೀದಿಯವರಿಗೆಲ್ಲ ಊಟ ಹಾಕುವುದು ಅವಳ ಪದ್ಧತಿ. ಆ ಊಟಕ್ಕೆ ಸಂತೆಯ ಒಂದು ಕಾಯಿಯನ್ನೂ ಸೇರಿಸಿದವಳಲ್ಲ. ಅದು ಅವಳ ಹೆಮ್ಮೆ.

ಒಂದು ವರ್ಷ ಬಿಸಿಲು ಹೂವನ್ನು ಸುಟ್ಟಿತು. ಉಳಿದ ಹೂವನ್ನು ಆಲಿಕಲ್ಲು ಉದುರಿಸಿತು. ಮಳೆಯ ಹಿಂದೆಯೇ ಹುಳು ಬಂತು. ಅವಳು ಬೂದಿ ಎರಚಿದಳು, ಬೇವಿನ ನೀರು ಹೊಡೆದಳು, ಕೈಯಿಂದಲೇ ಹುಳು ಆರಿಸಿದಳು. ಬದನೆ ಒಳಗೊಳಗೇ ಟೊಳ್ಳಾಯಿತು. ಬೆಂಡೆಯ ಎಲೆ ಹಳದಿಯಾಯಿತು. ಹೀರೆಯ ಎಲೆಯಲ್ಲಿ ನರ ಮಾತ್ರ ಉಳಿಯಿತು. ಆದರೂ ಅವಳು ಕಳೆ ಕೀಳುವುದನ್ನು ಬಿಡಲಿಲ್ಲ.

ಊಟದ ಹಿಂದಿನ ದಿನ ನೆರೆಮನೆಯವಳು ಬಂದು ಪಾತಿಗಳನ್ನು ನೋಡಿದಳು.

"ಏನಕ್ಕ, ನಾಳೆ ನಮಗೆ ಎಲೆ ಹಾಕ್ತೀಯೋ, ಹುಳುಗಳನ್ನೇ ಪಂಕ್ತಿಗೆ ಕೂರಿಸ್ತೀಯೋ?"

"ಹುಳುಗಳದು ಮೊದಲನೇ ಪಂಕ್ತಿ, ಆಯ್ತು. ನಿಮ್ಮದು ಎರಡನೇದು. ಬನ್ನಿ" ಎಂದಳು ಅವಳು.

ಹೇಳಿದ್ದೇನೋ ಹೇಳಿದಳು. ಸಂತೆಗೆ ಹೋದರೆ ಹೆಮ್ಮೆ ಮುರಿಯಿತು, ಹೋಗದಿದ್ದರೆ ಎಲೆ ಖಾಲಿ. ಅಂದು ಕಿತ್ತ ಕಳೆಯನ್ನು ಎಸೆಯಲು ಬೇಲಿಯ ಬಳಿಗೆ ಹೋದವಳು ಆಚೆ ನೋಡಿದಳು. ಇಷ್ಟು ದಿನ ಎಸೆದದ್ದೆಲ್ಲ ಮಳೆಗೆ ಬಿದ್ದಲ್ಲೇ ಬೇರು ಬಿಟ್ಟಿತ್ತು. ಗೋಣಿಸೊಪ್ಪು, ಹೊನಗೊನ್ನೆ, ಅಣ್ಣೆಸೊಪ್ಪು ಒಂದರೊಳಗೊಂದು ಹಬ್ಬಿ ನಿಂತಿದ್ದವು. ಒಂದೆಲೆಯಲ್ಲೂ ತೂತಿರಲಿಲ್ಲ.

ಅವಳು ಕೈಯಲ್ಲಿದ್ದ ಕಳೆಯನ್ನು ಕೆಳಗಿಟ್ಟಳು. ಆಮೇಲೆ ಬೇಲಿ ದಾಟಿದಳು. ಯಾವ ಕುಡಿಯನ್ನು ಎಲ್ಲಿ ಚಿವುಟಬೇಕೆಂಬುದು ಬೆರಳುಗಳಿಗೆ ಇನ್ನೂ ನೆನಪಿತ್ತು. ಮಡಿಲು ತುಂಬುವ ಹೊತ್ತಿಗೆ ಅವಳು ಒಬ್ಬಳೇ ನಗುತ್ತಿದ್ದಳು.

ಮಾರನೆಯ ದಿನ ಬೀದಿಗೆಲ್ಲ ಬಿಸಿ ಮುದ್ದೆ, ಬೆರಕೆ ಸೊಪ್ಪಿನ ಸಾರು. ನೆರೆಮನೆಯವಳು ಮೂರು ಸಲ ಬಡಿಸಿಕೊಂಡಳು.

"ಇದನ್ನ ಯಾವಾಗ ಬಿತ್ತಿದೆಯಕ್ಕ?"

"ಕಿತ್ತಾಗಲೆಲ್ಲ ಬಿತ್ತಿದ್ದೆ ಕಣೆ. ಕೈ ಅಡ್ಡ ಇಡಬೇಡ, ಇನ್ನೂ ಬೇಕಾದಷ್ಟಿದೆ."

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯೆ ಕೇಳಿದಳು: "ಹಾಗಾದರೆ ನಾನು ಹೊರಡಲೇ, ಇರಲೇ?"

"ಮೊದಲು ನಿಮ್ಮವ್ವನ ಪದ ಒಂದು ಹೇಳು, ಕೇಳೋಣ" ಎಂದರು ಗುರುಗಳು.